ನೀಲಿ ಗುರುತಿನ ಸೆಲ್

ಹಳೇ ಸಾಮಾನಿನ ಅಂಗಡಿಯಲ್ಲಿ ಆ ದಿನ ನಡೆದದ್ದನ್ನು ಬರೀ ಜಗಳ ಅಂದರೆ ಅದಕ್ಕೆ ಅವಮಾನ. ಹಳದಿ ತಿರುಗಿದ ಒಂದು ಖಾಲಿ ಕಂಪ್ಯೂಟರ್ ಡಬ್ಬ. ಅದರ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಅವಳು. ಇಬ್ಬರೂ ಎಳೆದ ಎಳೆತಕ್ಕೆ ಕಪಾಟುಗಳು ಗಡಗಡ ನಡುಗಿದವು, ಮೂರು ಬೀದಿ ಆಚೆ ಮಲಗಿದ್ದ ನಾಯಿಗಳು ಎದ್ದು ಕೂತವು.

"ನಾನು ಮೊದಲು ನೋಡಿದ್ದು," ಅಂದ ಅವನು.

"ನೋಡಿದ್ದನ್ನೆಲ್ಲ ಮನೆಗೆ ಒಯ್ಯೋಕಾಗುತ್ತಾ? ನಾನು ಮೊದಲು ಮುಟ್ಟಿದ್ದು," ಅಂದಳು ಅವಳು.

"ಒಳಗೆ ಏನೂ ಇಲ್ಲ ಮೇಡಂ, ಬರೀ ತಗಡು. ನಿಮಗ್ಯಾಕೆ ಇದು?"

"ಬರೀ ತಗಡು ಅಂತ ಗೊತ್ತಿದ್ದೂ ನೀವ್ಯಾಕೆ ಜೋತುಬಿದ್ದಿದ್ದೀರಿ?"

ಹೊಲಿಗೆ ಯಂತ್ರ ರಿಪೇರಿ ಅವನ ಕಸುಬು, ಬಡಾಯಿ ಅವನ ಉಸಿರು. ಕೆಟ್ಟು ನಿಂತ ಯಂತ್ರದ ಪಕ್ಕ ತಾನು ಸುಮ್ಮನೆ ನಡೆದು ಹೋದರೂ ಸೂಜಿ ತಾನಾಗಿ ಕುಣಿಯುತ್ತದೆ ಎಂದು ಹೇಳಿಕೊಳ್ಳುತ್ತಿದ್ದವನು. ಈಗ ಅವಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಅದರ ಮೇಲಿನಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಅವನು ಡಬ್ಬ ಬಿಡದೆಯೇ ತನ್ನ ಕಥೆ ಹೇಳತೊಡಗಿದ.

ಅವಳು ಹಲ್ಲಿನ ಡಾಕ್ಟರ್. ಮನೆಯಲ್ಲಿ ಹಳೆಯ ದಪ್ಪ ಮಾನಿಟರ್, ಬ್ಯಾಗಿನಲ್ಲಿ ಹತ್ತಿ ಸುತ್ತಿದ ಸೌಂಡ್ ಕಾರ್ಡ್, ತಲೆಯಲ್ಲಿ ಚಿಕ್ಕಂದಿನ ಒಂದು ಕಂಪ್ಯೂಟರ್ ಆಟ. ಅವನ ಹತ್ತಿರ ಬಿಸ್ಕೆಟ್ ಡಬ್ಬಿಯಲ್ಲಿ ಜೋಪಾನ ಮಾಡಿದ ಮೂವತ್ತು ವರ್ಷದ ಮದರ್‌ಬೋರ್ಡ್. ಅಂಗಡಿಯವನು ಇಬ್ಬರ ಕಥೆಯನ್ನೂ ಕೇಳಿ, "ಇಬ್ಬರದ್ದೂ ಸೇರಿಸಿದರೆ ಒಂದು ಕಂಪ್ಯೂಟರ್ ಆಗುತ್ತಲ್ರಿ. ಹೊರಗೆ ಹೋಗಿ ಮಾತಾಡ್ಕೊಳ್ಳಿ, ನನ್ನ ಕಪಾಟು ಬೀಳುತ್ತೆ," ಅಂದ.

"ನನ್ನ ಅಂಗಡಿ ಹಿಂದೆ ಒಂದು ಕೋಣೆ ಇದೆ. ನಾನು ಜೋಡಿಸಿ ಕೊಡ್ತೀನಿ, ಮುಗಿದ ಮೇಲೆ ನೀವೇ ಒಯ್ದುಬಿಡಿ," ಅಂದ ಅವನು, ದೊಡ್ಡ ದೊರೆಯ ಹಾಗೆ ಕೈ ಬೀಸಿ. "ನನಗೇನು, ಇಂಥವು ನೂರು ಜೋಡಿಸಿದ್ದೀನಿ."

ಒಂದೂ ಜೋಡಿಸಿರಲಿಲ್ಲ.

"ಮುಗಿಯೋದು ಅಂದ್ರೆ ಏನು, ಈಗಲೇ ಹೇಳಿ."

"ಸ್ವಿಚ್ ಹಾಕಿದರೆ ಯಾರೂ ಕೀಬೋರ್ಡ್ ಮುಟ್ಟದೆ ನಿಮ್ಮ ಆಟ ತಾನಾಗಿ ಶುರುವಾಗಬೇಕು. ಅದು ಮುಗಿದ ಹಾಗೆ."

ಅವಳು ಕೈ ಚಾಚಿದಳು. ಅವನು ಕೈ ಕುಲುಕಿದ. ಆ ಕೈಯನ್ನು ಅವನು ಎರಡು ದಿನ ಸೋಪು ಹಾಕಿ ತೊಳೆಯಲಿಲ್ಲ ಎಂದು ಅವನ ಅಕ್ಕ ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ.

ಅಕ್ಕ ಎಂದರೆ ಅವನ ಅಂಗಡಿಯ ಮುಂಭಾಗದ ಮಹಾರಾಣಿ. ಗುಂಡಿ, ಜಿಪ್ಪು, ದಾರದ ವ್ಯಾಪಾರ ಅವಳದ್ದು. ಹಿಂದಿನ ರಿಪೇರಿ ಕೋಣೆ ತಮ್ಮನದ್ದು. ನಡುವೆ ಒಂದು ಪರದೆ. ಆ ಪರದೆಯ ಆಚೆ ಇರುವೆ ಸೀನಿದರೂ ಅಕ್ಕನಿಗೆ ಕೇಳಿಸುತ್ತಿತ್ತು.

ಡಾಕ್ಟರ್ ದಿನಾ ಐದೂವರೆಗೆ ಬರುತ್ತಿದ್ದಳು, ಸಂಜೆಯ ರೋಗಿಗಳು ಬರುವ ಮುಂಚೆ ಒಂದು ಗಂಟೆ ಬಿಡುವು. ಮೊದಲ ದಿನವೇ ಮದರ್‌ಬೋರ್ಡ್ ನೋಡಿ ಹುಬ್ಬೇರಿಸಿದಳು. ಹಳೆಯ ಬ್ಯಾಟರಿ ಸೋರಿ ಸುತ್ತಲೂ ಹಸಿರು ಕಿಲುಬು ಹಬ್ಬಿತ್ತು.

"ಇದು ಹುಳುಕು ಹಲ್ಲು," ಅಂದಳು. "ಮೊದಲು ಕೀಳಬೇಕು, ಆಮೇಲೆ ಕ್ಲೀನಿಂಗ್. ನೀವು ಸ್ವಲ್ಪ ಸರೀರಿ, ನನಗೆ ಬೆಳಕು ಅಡ್ಡ."

ಬ್ಯಾಗಿನಿಂದ ಹೊಸ ಟೂತ್ ಬ್ರಷ್ ಬಂತು, ಕೊಕ್ಕೆಯಂಥ ಸಲಕರಣೆ ಬಂತು. ವಿನೆಗರ್ ಅದ್ದಿ ಅವಳು ಉಜ್ಜಿದ ರಭಸಕ್ಕೆ ಮೂವತ್ತು ವರ್ಷದ ಬೋರ್ಡಿಗೆ ಹಾಲುಹಲ್ಲಿನ ಹೊಳಪು. ಕಿತ್ತ ಬ್ಯಾಟರಿಯ ಜಾಗಕ್ಕೆ ನಾಣ್ಯದಂಥ ಪುಟ್ಟ ಸೆಲ್ ಕೂರುವ ತೊಟ್ಟಿಲನ್ನು ಅವನು ಬೆಸುಗೆ ಹಾಕಿದ. ಅವನ ಕೈ ಒಂಚೂರೂ ನಡುಗಲಿಲ್ಲ. ಅವಳು ಹತ್ತಿರ ಬಗ್ಗಿ ಹೊಗೆಯನ್ನು ಊದಿದಾಗ ಮಾತ್ರ ಕೋಣೆ ಒಂದು ಸುತ್ತು ತಿರುಗಿತು.

"ಕೈ ಚೆನ್ನಾಗಿದೆ," ಅಂದಳು.

"ನನ್ನ ಕೈ ನೋಡಿ ಯಂತ್ರಗಳೇ ಎದ್ದು ನಿಂತು ನಮಸ್ಕಾರ ಮಾಡ್ತವೆ."

"ಬಾಯಿ ಮಾತ್ರ ಸ್ವಲ್ಪ ಟ್ರೀಟ್‌ಮೆಂಟ್ ಕೇಳ್ತಿದೆ."

ಪರದೆಯ ಆಚೆ ಅಕ್ಕ ಕೆಮ್ಮಿದಳು. ಅದು ಕೆಮ್ಮಾಗಿರಲಿಲ್ಲ.

ಅವನ ಹತ್ತಿರವಿದ್ದ ಹಳೆಯ ಹಾರ್ಡ್ ಡಿಸ್ಕಿಗೆ ಕರೆಂಟು ಕೊಟ್ಟರೆ ಜಲ್ಲಿ ಅರೆಯುವ ಸದ್ದು. ಅದನ್ನು ಪಕ್ಕಕ್ಕಿಟ್ಟು, ಕ್ಯಾಮೆರಾಗೆ ಹಾಕುವ ಮೆಮೊರಿ ಕಾರ್ಡನ್ನೇ ಡಿಸ್ಕಿನ ಜಾಗಕ್ಕೆ ತಂದರು. ನಡುವೆ ಬೆರಳುದ್ದದ ಒಂದು ಅಡಾಪ್ಟರ್. ತಲೆದಿಂಬಿನಷ್ಟು ದೊಡ್ಡ ಡಬ್ಬದಲ್ಲಿ ಬಿಸ್ಕೆಟ್ ಚೂರಿನಷ್ಟು ಕಾರ್ಡ್. ಸ್ವಿಚ್ ಒತ್ತಿದ ಕ್ಷಣ ಇಬ್ಬರೂ ಉಸಿರು ಹಿಡಿದರು. ಒಂದು ಬೀಪ್. ಅವಳ ಮನೆಯಿಂದ ಬಂದ ಮಾನಿಟರಿನ ಕಪ್ಪು ಪರದೆಯ ಮೇಲೆ ಬೆಳ್ಳಗೆ ಅಂಕಿಗಳು ಏರತೊಡಗಿದವು, ಮೆಮೊರಿ ಎಣಿಸುತ್ತ, ಎಣಿಸುತ್ತ. ಅವಳು ಅವನ ತೋಳು ಹಿಡಿದುಕೊಂಡಿದ್ದಳು; ಹಿಡಿದದ್ದು ಗೊತ್ತಾದಾಗ ಬಿಟ್ಟಳು, ಬೇಗನೇನೂ ಅಲ್ಲ.

ಆಮೇಲೆ ಯಂತ್ರ ನಿಂತುಬಿಟ್ಟಿತು. ತಾರೀಖು 1980ರ ಜನವರಿ ಒಂದು ಎಂದಿತು. ಕಾರ್ಡ್ ಯಾವುದು, ಗೊತ್ತಿಲ್ಲ ಎಂದಿತು.

"ಹಳೇ ಬೋರ್ಡಲ್ವಾ, ಕಾರ್ಡಿನ ಅಳತೆ ನಾವೇ ಹೇಳಿಕೊಡಬೇಕು," ಅಂದ ಅವನು. "ಮೂರು ನಂಬರ್. ಒಂದು ಸಲ ಹೊಡೆದರೆ ನೆನಪಿಟ್ಟುಕೊಳ್ಳುತ್ತೆ. ಆ ನೆನಪು ಉಳಿಯೋದು ಈ ಸೆಲ್‌ನಿಂದ."

"ಸೆಲ್ ಎಲ್ಲಿ?"

ಅವನು ಮೇಜಿನ ಮೇಲಿದ್ದ ಬಿಸ್ಕೆಟ್ ಡಬ್ಬಿಯ ಮುಚ್ಚಳದಿಂದ ಒಂದು ಸೆಲ್ ತೆಗೆದು ಹಾಕಿದ. ಆ ಮುಚ್ಚಳದಲ್ಲಿ ಇದ್ದವೆಲ್ಲ ಸತ್ತ ಸೆಲ್‌ಗಳೇ. ಅವನಿಗೆ ಗೊತ್ತಿತ್ತು. ಮಾತ್ರೆಗಳ ಹಾಗೆ ಸಾಲಾಗಿ ಕೂತ ಹೊಸ ಸೆಲ್‌ಗಳ ಪಟ್ಟಿ ಅವನ ಜೇಬಿನಲ್ಲೇ ಇತ್ತು, ಎದೆಗೆ ಒತ್ತಿಕೊಂಡು ಬೆಂಕಿಯಂತೆ ಸುಡುತ್ತಿತ್ತು. ಹಾಕಿದರೆ ಯಂತ್ರದ ಕೆಲಸ ಮುಗಿಯುತ್ತದೆ. ಮುಗಿದರೆ ಐದೂವರೆ ಎನ್ನುವ ಹೊತ್ತೇ ಲೋಕದಿಂದ ಅಳಿಸಿಹೋಗುತ್ತದೆ.

ಮಾರನೇ ದಿನ ಯಂತ್ರ ಎಲ್ಲ ಮರೆತಿತ್ತು.

"ಇಂಥ ಸೆಲ್ ಊರಲ್ಲೇ ಸಿಗ್ತಿಲ್ಲ," ಅಂದ. "ನನಗೆ ಆ ನಂಬರ್ ಬೇರೆ ನೆನಪಿರಲ್ಲ."

ಅವಳು ಔಷಧಿ ಚೀಟಿಯ ಮೇಲೆ ನಂಬರ್ ಬರೆದುಕೊಂಡಳು. "ಹಾಗಾದ್ರೆ ದಿನಾ ನಾನೇ ಬಂದು ಹೊಡೀತೀನಿ."

"ಇವನಿಗೆ ನಂಬರ್ ನೆನಪಿರಲ್ವಂತೆ," ಅಂದಳು ಅಕ್ಕ ಪರದೆಯಾಚೆಯಿಂದ, ಗೋಡೆಗೆ ಹೇಳುವ ಹಾಗೆ. "ಇನ್ನೂರು ಗಿರಾಕಿಗಳ ಸೂಜಿ ನಂಬರ್ ನಿದ್ದೆಯಲ್ಲಿ ಹೇಳ್ತಾನೆ. ಲೋ, ನನ್ನ ಗುಂಡಿ ತೂಗೋ ತಕ್ಕಡಿಗೂ ಅದೇ ಸೆಲ್ ಬೇಕು ಕಣೋ. ಸತ್ತು ತಿಂಗಳಾಯ್ತು."

"ಸಿಗ್ತಿಲ್ಲ ಅಂದ್ನಲ್ಲಕ್ಕ."

ಹೀಗೇ ಎರಡು ವಾರ. ಅವಳು ಬರುವುದು, ಮೂರು ನಂಬರ್ ಹೊಡೆಯುವುದು, ಒಂದಷ್ಟು ಆಡುವುದು. ಆಟ ಒಂದು ನರಿಯದ್ದು. ಕೋಟೆಯ ಇಪ್ಪತ್ತು ಕೋಣೆ ದಾಟಬೇಕು. ನರಿ ಹಾರಿದಾಗಲೆಲ್ಲ ಅವಳ ಭುಜವೂ ಹಾರುತ್ತಿತ್ತು, ಆ ಭುಜ ಅವನ ಭುಜಕ್ಕೆ ತಾಗುತ್ತಿತ್ತು. ನರಿ ಇನ್ನೂ ಹೆಚ್ಚು ಹಾರಲಿ ಎಂದು ಅವನು ಮನಸ್ಸಿನಲ್ಲೇ ಹರಸುತ್ತಿದ್ದ.

ಒಂದು ಶನಿವಾರ ಅವಳು ಐದನೇ ಕೋಣೆಯಲ್ಲೇ ಆಟ ನಿಲ್ಲಿಸಿ ಗಡಿಯಾರ ನೋಡಿದಳು.

"ನಾಲ್ಕನೇ ಕ್ಲಾಸಲ್ಲಿದ್ದಾಗ ಚಿಕ್ಕಪ್ಪನ ಮನೇಲಿ ಆಡ್ತಿದ್ದೆ. ಒಂದು ದಿನ ಹತ್ತೊಂಬತ್ತನೇ ಕೋಣೆ ತನಕ ಹೋದೆ. ಚಿಕ್ಕಮ್ಮ ಬಂದು ಪ್ಲಗ್ ಕಿತ್ರು, ಇಸ್ತ್ರಿ ಮಾಡೋಕೆ."

"ಆಮೇಲೆ?"

"ಆಮೇಲೆ ಅದನ್ನ ಮಾರಿಬಿಟ್ರು. ಇದ್ರಲ್ಲಿ ಅರ್ಧಕ್ಕೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಶುರು ಮಾಡೋಕಾಗಲ್ಲ, ಮೂರು ಗಂಟೆ ಒಂದೇ ಸಲ ಕೂರಬೇಕು. ಇಪ್ಪತ್ತನೇ ಕೋಣೆಯಲ್ಲಿ ಏನಿದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ." ಅವಳು ನಕ್ಕಳು. "ಮನೆಗೆ ಒಯ್ದ ಮೇಲೆ ಒಂದು ಭಾನುವಾರ ಪೂರ್ತಿ ಕೂತ್ಕೋತೀನಿ."

ಆ ನಗು ಅವನ ಎದೆಗೆ ಮುಳ್ಳಿನ ಹಾಗೆ ಚುಚ್ಚಿತು. ಪ್ಲಗ್ ಕಿತ್ತ ಚಿಕ್ಕಮ್ಮನಿಗೂ ತನಗೂ ಏನು ವ್ಯತ್ಯಾಸ? ಚಿಕ್ಕಮ್ಮ ಒಂದೇ ಸಲ ಕಿತ್ತಿದ್ದರು. ತಾನು ಎರಡು ವಾರದಿಂದ ದಿನಾ ಕೀಳುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಜೇಬಿನ ಪಟ್ಟಿಯಿಂದ ಹೊಸ ಸೆಲ್ ಬಿಡಿಸಿದ. ರಿಪೇರಿ ಮಾಡುವಾಗ ಹೊಸ ಭಾಗಕ್ಕೆಲ್ಲ ದರ್ಜಿಯ ನೀಲಿ ಚಾಕ್‌ನಿಂದ ಒಂದು ಗೆರೆ ಎಳೆಯುವುದು ಅವನ ರೂಢಿ, ಹಳೆಯದರ ಜೊತೆ ಬೆರೆಯದಿರಲಿ ಅಂತ. ಸೆಲ್‌ಗೂ ಗೆರೆ ಎಳೆದ. ಹಾಕಿದ. ನೆನಪಿಲ್ಲ ಅಂದಿದ್ದ ಆ ಮೂರು ನಂಬರ್ ಹೊಡೆದು, ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿದ. ನರಿ ತಾನಾಗಿ ಕುಣಿಯಿತು. ಮುಗಿಯಿತು ಅಂದುಕೊಂಡು, ಊಟ ಸೇರದೆ, ಒಂದೇ ಯಂತ್ರಕ್ಕೆ ಮೂರು ಸಲ ಎಣ್ಣೆ ಬಿಟ್ಟ.

ಐದೂವರೆಗೆ ಅವಳು ಸ್ವಿಚ್ ಒತ್ತಿದಳು. 1980, ಜನವರಿ ಒಂದು.

"ಮರೆತಿದೆ," ಅಂದಳು.

"ಮರೆತಿದೆಯಾ?" ಅವನ ಧ್ವನಿ ಕೀರಲಾಯಿತು. ಸೆಲ್ಲೇ ಕಳಪೆ ಇರಬೇಕು.

ಮಂಗಳವಾರ ಅದನ್ನು ತಿರುಗಿಸಿಯೂ ನೋಡದೆ ಕಸಕ್ಕೆಸೆದು ಇನ್ನೊಂದು ಹಾಕಿದ, ನೀಲಿ ಗೆರೆ ಎಳೆದು. ಸಂಜೆ ಒಬ್ಬ ಗಿರಾಕಿ ಬಂದನೆಂದು ಇವನು ಎದ್ದು ಮುಂದೆ ಹೋದ. ವಾಪಸು ಬರುವಷ್ಟರಲ್ಲಿ ಅವಳು ನಂಬರ್ ಹೊಡೆಯುತ್ತಿದ್ದಳು. ಬುಧವಾರವೂ ಅದೇ ಕಥೆ. ಗುರುವಾರ ಬೆಳಿಗ್ಗೆ ಮದರ್‌ಬೋರ್ಡಿನ ಮೇಲೆ ಟಾರ್ಚ್ ಬಿಟ್ಟು ಕೂತ. ಬೆಸುಗೆ ಸರಿಯಿದೆ. ತಂತಿ ಸರಿಯಿದೆ. ಕೊನೆಗೆ ಸೆಲ್ ಎಬ್ಬಿಸಿ ತಿರುಗಿಸಿದ.

ನೀಲಿ ಗೆರೆ ಇರಲಿಲ್ಲ.

ಮುಚ್ಚಳದಲ್ಲಿದ್ದ ಸತ್ತ ಸೆಲ್‌ಗಳನ್ನು ಎಣಿಸಿದ. ಮೂರು ಕಮ್ಮಿ. ಅವನ ಎದೆ ಹೊಡೆದುಕೊಂಡ ಹೊಡೆತಕ್ಕೆ ಅಂಗಡಿಯ ಎಲ್ಲ ಹೊಲಿಗೆ ಯಂತ್ರಗಳೂ ತಾಳ ಹಾಕಿದವು.

ಸಂಜೆ ಅವಳು ಬಂದಾಗ ಅವನು ಸತ್ತ ಸೆಲ್ ಅನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. ಬಡಾಯಿಯ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ.

"ಡಾಕ್ಟ್ರೇ, ಎರಡು ವಾರ ನಾನು ಸುಳ್ಳು ಹೇಳಿದೆ. ಸೆಲ್ ಜೇಬಲ್ಲೇ ಇತ್ತು. ನೀವು ಬರೋದು ನಿಂತುಹೋಗುತ್ತೆ ಅಂತ ಹಾಕಲಿಲ್ಲ. ಈ ವಾರ ನಿಜವಾಗ್ಲೂ ಹಾಕಿದೆ. ಯಾರೋ ತೆಗೀತಿದ್ದಾರೆ."

ಅವಳ ಕಿವಿ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿದಳು, ಅದು ಆಗಲೇ ಸ್ವಚ್ಛವಿದ್ದರೂ. ಆಮೇಲೆ ಬ್ಯಾಗಿನಿಂದ ಹತ್ತಿಯ ಉಂಡೆ ತೆಗೆದು ಬಿಡಿಸಿದಳು. ಎರಡು ಸೆಲ್. ಎರಡರ ಮೇಲೂ ನೀಲಿ ಗೆರೆ.

"ದಿನಕ್ಕೆ ಹತ್ತು ಹಲ್ಲು ಕೀಳೋಳು ನಾನು," ಅಂದಳು ಮೆಲ್ಲಗೆ. "ಒಂದು ಸೆಲ್ ಕೀಳೋದು ಎಷ್ಟು ಹೊತ್ತು?"

"ಮತ್ತೆ ಇಪ್ಪತ್ತನೇ ಕೋಣೆ?"

"ಇಷ್ಟು ವರ್ಷ ಕಾದಿದೆ, ಇನ್ನೂ ಕಾಯಲಿ ಅನ್ನಿಸ್ತು. ಐದೂವರೆ ಕಾಯಲ್ಲ."

ಅವನು ನಕ್ಕ, ಅವಳೂ ನಕ್ಕಳು. ಒಂದು ಸೆಲ್ ಅನ್ನು ಅವಳೇ ತೊಟ್ಟಿಲಿಗೆ ಒತ್ತಿದಳು. ಒತ್ತಿದ ಬೆರಳ ಮೇಲೆ ಅವನ ಬೆರಳು ಕೂತಿತು, ಅಲ್ಲೇ ಉಳಿಯಿತು. ನಂಬರ್ ಹೊಡೆದರು, ಇವತ್ತಿನ ತಾರೀಖು ಹೊಡೆದರು. ಆರಿಸಿ ಮತ್ತೆ ಹಚ್ಚಿದರು. ಯಾರೂ ಕೀಬೋರ್ಡ್ ಮುಟ್ಟಲಿಲ್ಲ. ನರಿ ತಾನಾಗಿ ಬಂದು ಕೋಟೆಯ ಬಾಗಿಲಲ್ಲಿ ಬಾಲ ಬೀಸಿತು.

"ಮುಗೀತು," ಅಂದ ಅವನು. "ಒಯ್ಯಿರಿ. ಮಾತು ಅಂದ್ರೆ ಮಾತು."

"ಒಯ್ತೀನಿ. ಈ ಸೆಲ್ ಎಷ್ಟು ವರ್ಷ ಬರುತ್ತೆ?"

"ಹತ್ತು ವರ್ಷ. ನಾನು ಹಾಕಿದ್ದಲ್ವಾ, ಐವತ್ತೂ ಬರಬಹುದು."

"ಹತ್ತೇ ಅಂತಿಟ್ಕೊಳ್ಳೋಣ. ಆಮೇಲೆ ಬದಲಾಯಿಸೋಕೆ ಮನೇಲಿ ಒಬ್ಬ ಇರಬೇಕಲ್ಲ," ಅಂದಳು. ಆಮೇಲೆ ಮೊದಲ ಸಲ, "ಬರ್ತೀಯಾ?" ಅಂದಳು.

ಅವನು ಜೀವಮಾನದ ಅತಿ ಚಿಕ್ಕ ಉತ್ತರ ಕೊಟ್ಟ. "ಬರ್ತೀನಿ."

ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಲೆಕ್ಕ ತಪ್ಪಿದ್ದು ಹೊಳೆಯಿತು. "ನಾನು ಹಾಕಿದ್ದು ಮೂರು. ಸೋಮವಾರದ್ದು ಎಲ್ಲಿ?"

"ಸೋಮವಾರ ನಾನು ಮುಟ್ಟೇ ಇಲ್ಲ. ಅವತ್ತು ಅದು ನಿಜವಾಗ್ಲೂ ಮರೆತಿತ್ತು."

ಇಬ್ಬರೂ ಒಟ್ಟಿಗೆ ಪರದೆ ಸರಿಸಿದರು. ಕೌಂಟರಿನ ಮೇಲೆ ಅಕ್ಕನ ಪುಟ್ಟ ತಕ್ಕಡಿ ಹಸಿರು ಅಂಕಿ ಬೆಳಗಿಸಿಕೊಂಡು ಕೂತಿತ್ತು. ಅಕ್ಕ ಬಿಳಿ ಗುಂಡಿಗಳನ್ನು ಒಂದೊಂದಾಗಿ ಅದರ ಮೇಲೆ ಬಿಡುತ್ತಿದ್ದಳು, ಕತ್ತು ಎತ್ತದೆ.

"ಏನು ಹಾಗೆ ನೋಡ್ತೀರಿ?" ಅಂದಳು. "ಊರಲ್ಲೇ ಸಿಗಲ್ಲ ಅಂದಿದ್ದ ಸೆಲ್ಲು ನಿನ್ನ ಡಬ್ಬದೊಳಗೇ ಸಿಕ್ತು ಕಣೋ. ತಕ್ಕಡಿಗೂ ಬೇಕಿತ್ತು, ಮನೆಗೆ ಒಬ್ಬ ಹಲ್ಲಿನ ಡಾಕ್ಟರೂ ಬೇಕಿತ್ತು. ಭಾನುವಾರ ಇಬ್ಬರೂ ಕೂತು ಆ ನರೀನ ಪೂರ್ತಿ ದಾಟಿಸಿ. ಇಸ್ತ್ರಿ ನಾನು ಸೋಮವಾರ ಮಾಡ್ಕೋತೀನಿ."