ತೊಂಬತ್ತೆಂಟು ಮಾರ್ಕಿನ ಕೋಲ್ಡ್ ರೂಮ್

"ಮರಗಟ್ಟಿ ಸಾಯಿ!"

ಧಡ್!... ಕೋಲ್ಡ್ ರೂಮಿನ ಬಾಗಿಲು ಮುಚ್ಚಿತು.

ಒಳಗೆ ಕಗ್ಗತ್ತಲು. ಸುತ್ತ ಮಾಂಸದ ಡಬ್ಬಿಗಳು. ನನ್ನ ಫೋನು ಹೊರಗೆ, ನನ್ನನ್ನು ಒಳಗೆ ದಬ್ಬಿದ ಧಡಿಯನ ಜೇಬಿನಲ್ಲಿ.

ನಾನು ಯಾರು ಅಂತೀರಾ? ಮೊದಲು ಹೋಟೆಲುಗಳ ಶುಚಿತ್ವ ನೋಡುವ ಇನ್‌ಸ್ಪೆಕ್ಟರ್. ಈಗ ಕಷ್ಟದಲ್ಲಿರುವ ಹೋಟೆಲಿನವರ ಪರ ಗುದ್ದಾಡುವವಳು.

ಈ ದೊಡ್ಡ ಹೋಟೆಲಿನ ಎದುರಿಗಿರುವ ಪುಟ್ಟ ಹೋಟೆಲಿನ ಅಕ್ಕ ಬೆಳಗ್ಗೆ ಕಣ್ಣೊರೆಸಿಕೊಳ್ಳುತ್ತಾ ಬಂದಿದ್ದರು.

"ತಪಾಸಣೆಯಲ್ಲಿ ನಂಗೆ ಎಪ್ಪತ್ತೊಂದು ಮಾರ್ಕು, ಆ ದೊಡ್ಡ ಹೋಟೆಲಿಗೆ ತೊಂಬತ್ತೆಂಟು! ಅದರ ಸಾಹುಕಾರ ಅದನ್ನೇ ಡಂಗುರ ಹೊಡೀತಿದ್ದಾನೆ. ಗಿರಾಕಿಗಳು ಈ ಕಡೆ ತಲೇನೇ ಹಾಕ್ತಿಲ್ಲ. ಹೊಸ ಟೈಲು ಹಾಕ್ಸಿದೀನಿ, ಅದನ್ನ ನೋಡೋಕೆ ಇವತ್ತು ಇನ್‌ಸ್ಪೆಕ್ಟರ್ ಮತ್ತೆ ಬರ್ತಾರೆ. ಆದ್ರೂ ಸಂಜೆ ಕಟ್ಟಡದ ಯಜಮಾನರು ನನ್ನ ಜಾಗಾನೂ ಅವನಿಗೇ ಕೊಡ್ತಾರಂತೆ!"

ಎರಡೂ ವರದಿ ಓದಿದೆ.

"ಅಕ್ಕಾ, ಮಾರ್ಕು ಬಿಡಿ, ಕೆಳಗಿನ ಸಾಲು ನೋಡಿ. ನಿಮ್ದು ಒಡೆದ ಟೈಲು, ಮುಚ್ಚಳ ಇಲ್ಲದ ಕಸದ ಡಬ್ಬಿ, ಸುಣ್ಣ ಉದುರಿದ ಗೋಡೆ. ಇದ್ರಿಂದ ಯಾರ ಹೊಟ್ಟೇನೂ ಕೆಡಲ್ಲ. ಅವನದು ಒಂದೇ ಸಾಲು: ಮಾಂಸ ಸಾಕಷ್ಟು ತಣ್ಣಗಿಲ್ಲ, ಸ್ಥಳದಲ್ಲೇ ಸರಿಪಡಿಸಲಾಗಿದೆ. ಅದಕ್ಕೇ ಎರಡೇ ಮಾರ್ಕು ಕಟ್. ಆದ್ರೆ ಹೋದ ಸಲಾನೂ ಇದೇ ಸಾಲು, ಅದರ ಹಿಂದಿನ ಸಲಾನೂ ಇದೇ! ಅಂದ್ರೆ ಇನ್‌ಸ್ಪೆಕ್ಟರ್ ಬೆನ್ನು ತಿರುಗಿಸಿದ ಮೇಲೆ ಮತ್ತೆ ಅದೇ ಆಟ!"

ಆ ಆಟ ನೋಡಲೆಂದೇ ಅವನ ಅಡುಗೆಮನೆಗೆ ಹಿಂಬಾಗಿಲಿನಿಂದ ನುಗ್ಗಿದ್ದೆ. ಅವನ ಆಳು, ಆ ಧಡಿಯನ ಕೈಗೆ ಸಿಕ್ಕಿಬಿದ್ದೆ.

ಈಗ ಹಲ್ಲು ಕಚ್ಚಿ ಚಳಿಗೆ ಕಾದೆ...

ಚಳಿ ಬರಲೇ ಇಲ್ಲ!

ಬೆವರು ಬಂತು. ಕೆಟ್ಟ ವಾಸನೆ ಮೂಗಿಗೆ ಬಡಿಯಿತು.

ಕಳ್ಳ ಸಾಹುಕಾರ! ಕರೆಂಟ್ ಬಿಲ್ ಉಳಿಸಲು ಮೆಷಿನ್ನನ್ನೇ ಆಫ್ ಮಾಡಿಟ್ಟಿದ್ದ. ಇನ್‌ಸ್ಪೆಕ್ಟರ್ ಬಂದರೆ ಮುಂದೆ ಕೂರಿಸಿ ಕಾಫಿ ಕುಡಿಸುವುದು, ಅಷ್ಟರಲ್ಲಿ ಆನ್ ಮಾಡುವುದು. ರೂಮು ತಣ್ಣಗಾಗುತ್ತಿತ್ತು, ಮಾಂಸ ಆಗುತ್ತಿರಲಿಲ್ಲ. ನನ್ನನ್ನು ಮರಗಟ್ಟಿಸಲು ಹೊರಟ ಧಡಿಯನಿಗೆ ಸ್ವಿಚ್ ಹಾಕುವುದೇ ಮರೆತಿತ್ತು!

ಇದನ್ನು ತಿನ್ನುವ ಮಕ್ಕಳನ್ನು ನೆನೆದು ಮೈಯೆಲ್ಲ ಉರಿದುಹೋಯಿತು.

ಇಂಥ ಬಾಗಿಲಿಗೆ ಒಳಗಿನಿಂದ ತೆರೆಯುವ ಗುಂಡಿ ಇರುತ್ತದೆ. ತಡಕಿದೆ. ಒತ್ತಿದೆ. ಒದ್ದೆ!

ಬಾಗಿಲು ಹೋಗಿ ಧಡಿಯನ ಮೂಗಿಗೆ ಅಪ್ಪಳಿಸಿತು.

"ಹಿಡೀರೋ ಅವಳನ್ನ!" ಅವನು ಕಿರುಚಿದ.

ತಟ್ಟೆಗಳ ರಾಶಿಯನ್ನು ಅವನ ಕಾಲಿಗೆ ಉರುಳಿಸಿ ಓಡಿದೆ. ರಸ್ತೆ ದಾಟಿದೆ. ಅಕ್ಕನ ಹೊಸ ಟೈಲು ನೋಡಲು ಬಂದಿದ್ದ ಇನ್‌ಸ್ಪೆಕ್ಟರ್ ಕೈ ಹಿಡಿದು ಎಳೆದೆ.

"ಬನ್ನಿ ಸಾರ್! ಈಗ್ಲೇ!"

ಅಕ್ಕ ಸೌಟು ಹಿಡಿದೇ ಹಿಂದೆ ಓಡಿಬಂದರು.

ಸಾಹುಕಾರ ಬಾಗಿಲಲ್ಲೇ ಹಲ್ಲು ಕಿರಿದ. "ಬನ್ನಿ ಸಾರ್, ಮೊದ್ಲು ಕಾಫಿ..."

"ಮೊದ್ಲು ಮಾಂಸ!" ಎಂದೆ.

ಇನ್‌ಸ್ಪೆಕ್ಟರ್ ಥರ್ಮಾಮೀಟರ್ ಚುಚ್ಚಿದರು. ನೋಡಿದರು. ಹುಬ್ಬು ಗಂಟಿಕ್ಕಿದರು.

"ಬಂದ್ ಮಾಡಿ! ಬೀಗ ತನ್ನಿ!"

ಬೀಗ ಬಿದ್ದ ಹೋಟೆಲಿನವನಿಗೆ ಯಾವ ಯಜಮಾನ ಜಾಗ ಕೊಟ್ಟಾನು? ಅಕ್ಕ ಸೌಟು ಎತ್ತಿ ತೋರಿಸಿದರು.

"ಇನ್ಮೇಲೆ ನನ್ನ ಜಾಗದ ಸುದ್ದಿಗೆ ಬಾ, ನೋಡ್ಕೋತೀನಿ!"

"ನಂದು ತೊಂಬತ್ತೆಂಟು ಮಾರ್ಕು ರೀ!" ಸಾಹುಕಾರ ಅರಚಿದ. "ಬಾಗಿಲ ಮೇಲೇ ಅಂಟಿಸಿದೀನಿ!"

"ಇರ್ಲಿ ಬಿಡಿ, ಕೀಳ್ಬೇಡಿ," ಎಂದೆ. "ಬೀಗದ ಪಕ್ಕ ಚೆನ್ನಾಗಿ ಕಾಣುತ್ತೆ!"