ಊರೊಳಗೆ ಬಂದ ಗಡಿಗೆಗಳು

ಕರಿ ಕೋಳಿಗೆ ಏಳು ರೂಪಾಯಿ, ಹೊಸ ಮೊರಕ್ಕೆ ಒಂದೂವರೆ, ಕಾಯಿ, ನಿಂಬೆಹಣ್ಣು, ಬಳೆಗೆ ಮೂರು. ಮತ್ತೆಂದೂ ಈ ಊರಿಗೆ ಕಾಲಿಡದ ಪರವೂರಿನ ಹೊರೆಯಾಳಿಗೆ ಐದು. ಒಟ್ಟು ಹದಿನಾರೂವರೆ. ಇಷ್ಟು ಖರ್ಚು ಮಾಡಿ ಹುಣಸೆ ತೋಪಿನ ಗಡಿಗೆಗಳನ್ನು ಇನ್ನೂ ಆಚೆಗೆ ಸಾಗಿಸಿ, ಆಮೇಲೆ ಬಡಾವಣೆ ಕಟ್ಟಿರಿ ಎಂದು ದುರುಗಕ್ಕ ಪುರಸಭೆಯ ಬಾಗಿಲಲ್ಲಿ ನಿಂತು ಕೇಳಿಕೊಂಡಳು. ಊರಲ್ಲಿ ಯಾರಿಗೆ ಮಾಟ ತಗುಲಿದರೂ ತೆಗೆಯುವವಳು ಅವಳೇ. ತೆಗೆದದ್ದನ್ನು ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಗಡಿಕಲ್ಲಿನಾಚೆಯ ಆ ತೋಪಿನಲ್ಲಿ ಹೂಳುವುದು ಪದ್ಧತಿ. ಊರ ಹೊರಗಿರುವಷ್ಟು ದಿನ ಮಾಟಕ್ಕೆ ಬಲವಿಲ್ಲ.

ಅದು ೧೯೭೪. ಐಮಂಗಲಕ್ಕೆ ಹತ್ತಿರದ ಆ ಸಣ್ಣ ಊರಿಗೆ ನೂರಿಪ್ಪತ್ತು ನಿವೇಶನ ಮಂಜೂರಾಗಿತ್ತು. ಕೋಲಾರದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಮುಖ್ಯಾಧಿಕಾರಿ ತಿಮ್ಮರಾಯಪ್ಪ, ಕೋಳಿಯನ್ನು ಯಾವ ಬಾಬ್ತಿಗೆ ಬರೆಯಲಿ, ಚರಂಡಿಗೋ ಬೀದಿ ದೀಪಕ್ಕೋ ಎಂದು ಕೇಳಿ ಗುಮಾಸ್ತರನ್ನು ನಗಿಸಿದ. ಆ ವಾರವೇ ಠರಾವು ಪಾಸಾಯಿತು. ಪುರಸಭೆಯ ಎಲ್ಲೆ ತೋಪು ದಾಟಿ ಒಂದು ಮೈಲಿ ಮುಂದಕ್ಕೆ ಹೋಯಿತು. ಎಲ್ಲೆ ಬರೆದದ್ದು ಅವನದೇ ಕೈ.

"ಸಾಮಿ, ನಾವು ಆಚೆಗೆ ಹಾಕಿದ್ದನ್ನೆಲ್ಲ ನೀವು ಊರೊಳಕ್ಕೆ ಬರ್ಕಂಡ್ರಿ," ಅಂದಳು ದುರುಗಕ್ಕ.

ಜನರ ಹೆದರಿಕೆ ಬಿಡಿಸಲೆಂದು, ತೋಪಿನ ಜಾಗದಲ್ಲಿ ಎದ್ದ ಬಡಾವಣೆಯ ಮೊದಲ ಮನೆಗೆ ತಿಮ್ಮರಾಯಪ್ಪನೇ ಹೆಂಡತಿ, ಆರು ವರ್ಷದ ಮಗಳೊಂದಿಗೆ ಹೋಗಿ ನೆಲೆಸಿದ.

ಒಂದು ಮಧ್ಯಾಹ್ನ ಮನೆ ತುಂಬ ಸುಟ್ಟ ಕೂದಲಿನ ವಾಸನೆ. ಬಿಸಿಲಿಗೆ ಕಿಟಕಿ ಮುಚ್ಚಿದ್ದ ಕತ್ತಲ ಕೋಣೆಯಲ್ಲಿ ಮಗಳು ಗೋಡೆಗೆ ಮುಖಮಾಡಿ ಕುಳಿತಿದ್ದಳು. ಮುದುಕನ ದನಿಯಲ್ಲಿ "ಕೆಂಚಣ್ಣ" ಅಂದಳು. ಮರುದಿನ ಅದೇ ಹೊತ್ತಿಗೆ "ಜುಂಜಮ್ಮ". ದಿನಕ್ಕೊಂದು ಹೆಸರು. ಹಿರಿಯೂರಿನ ಡಾಕ್ಟರು ಸೂಜಿ ಚುಚ್ಚಿದರು, ಜ್ವರ ಇಳಿಯಲಿಲ್ಲ. ಉಗುರುಗಳು ಕಪ್ಪಾದವು. ನೆಲದಡಿಯಲ್ಲಿ ಗಡಿಗೆಗೆ ಗಡಿಗೆ ತಾಗುವ ಸದ್ದು ಕೇಳತೊಡಗಿತು.

ತಿಮ್ಮರಾಯಪ್ಪ ತಾನೇ ಹೋಗಿ ದುರುಗಕ್ಕನನ್ನು ಕರೆತಂದ. ಹೆಸರುಗಳನ್ನು ಕೇಳುತ್ತ ಅವಳ ಮುಖ ಬತ್ತಿತು.

"ಇವೆಲ್ಲ ನಾನು ಮಾಟ ತೆಗೆದೋರ ಹೆಸರು. ಒಂದೊಂದು ಗಡಿಗೆ ಒಬ್ಬೊಬ್ಬರದು. ನಾಳೆಗೆ ಮುಗೀತವೆ. ನಾಡಿದ್ದು ನಿಮ್ಮ ಮಗಳ ಹೆಸರು."

ಎಷ್ಟು ಬೇಕಾದರೂ ಕೊಟ್ಟು ಹೊರೆಯಾಳನ್ನು ತರಿಸುತ್ತೇನೆ ಎಂದ ಅವನು.

"ಆಳು ಆಗಲ್ಲ. ಗಡಿ ಬರೆದ ಕೈಯೇ ಹೊರಬೇಕು. ತಿರುಗಿ ನೋಡಂಗಿಲ್ಲ. ಹೊತ್ತೋರು ಮತ್ತೆ ಗಡಿಯೊಳಕ್ಕೆ ಬರಂಗಿಲ್ಲ, ಸಾಮಿ. ಮಗಳು ಗಡಿ ದಾಟಂಗಿಲ್ಲ, ಗಡಿ ಮೇಲೆ ಯಾರೂ ಕೈ ಚಾಚಂಗಿಲ್ಲ. ಅವಳ ಮೈ ಹೊಕ್ಕಿದ್ದು ಆಚೆ ಕಾಯ್ತಿರ್ತೈತೆ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಮಗಳ ಹಣೆ ಮುಟ್ಟಿ ಹೊರಗೆ ಬಂದ. ದುರುಗಕ್ಕ ತೋರಿಸಿದ ಕಡೆಯೆಲ್ಲ ಅಗೆದು ಗಡಿಗೆಗಳನ್ನು ಹೊರತೆಗೆದ.

ಮರುದಿನ ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ಗಡಿಗೆಗಳ ಮಂಕರಿ ತಲೆಗೇರಿತು. ನಡೆದ. ಹೆಜ್ಜೆಗೊಮ್ಮೆ ಭಾರ ಹೆಚ್ಚಿತು. ಗಡಿಗೆಯೊಳಗೆ ಏನೋ ಉಸಿರಾಡಿತು. ಕುತ್ತಿಗೆಗೆ ತಣ್ಣಗೆ ಏನೋ ಇಳಿಯಿತು. ಅದೇ ಸುಟ್ಟ ಕೂದಲಿನ ವಾಸನೆ. ಹಿಂದೆ ಪುಟ್ಟ ಹೆಜ್ಜೆಗಳು. "ಅಪ್ಪಾ, ಕಾಲು ಸುಡ್ತೈತೆ, ಎತ್ಕೋ." ಮಗಳದೇ ದನಿ. ನಿಂತ. ಕತ್ತು ತಿರುಗುವುದರಲ್ಲಿತ್ತು. 'ಅದೆ' ಅನ್ನುವ ಅವನ ಮಗಳು ಎಂದೂ ಈ ಊರಿನವರಂತೆ 'ಐತೆ' ಅಂದವಳಲ್ಲ. ಓಡಿದ. ಹೊಸ ಎಲ್ಲೆಯ ಸರ್ವೆ ಕಲ್ಲು ಕಂಡಿತು. ದಾಟಿದ. ಮಂಕರಿ ಇಳಿಸಿ ಬಿದ್ದ.

ಸಂಜೆಗೆ ಮಗಳು ಗಂಜಿ ಕೇಳಿದಳು.

ತಿಮ್ಮರಾಯಪ್ಪ ಐಮಂಗಲದಲ್ಲೊಂದು ಬಾಡಿಗೆ ಕೋಣೆ ಹಿಡಿದ. ರಾಜೀನಾಮೆಯನ್ನು ಅಂಚೆಯಲ್ಲಿ ಕಳಿಸಿದ. ಭಾನುವಾರ ಭಾನುವಾರ ಸರ್ವೆ ಕಲ್ಲಿನ ಆಚೆ ಅವನು, ಈಚೆ ಹೆಂಡತಿ, ಮಗಳು. ಐದು ವರ್ಷದಲ್ಲಿ ಬಡಾವಣೆಗೆ ನೂರಿಪ್ಪತ್ತು ಮನೆ ಬಂದವು. ನಲ್ಲಿ ಬಂತು, ದೀಪ ಬಂತು. ಮಗಳ ಜೀವ ಉಳಿಯಿತು. ಅವಳನ್ನು ಮುಟ್ಟುವ ಭಾಗ್ಯ ಅಪ್ಪನಿಗೆ ಹೋಯಿತು.