ಏಳನೆಯ ಸರ

ಕಣ್ಣಿಲ್ಲದ ಮೇಷ್ಟ್ರು ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ತೋಳಿನ ಮೇಲೆ ಯಾರೋ ಹಿಡಿದೆಳೆದ ಗುರುತು. ಪಕ್ಕದಲ್ಲಿ ಅಳುತ್ತಾ ಕೂತಿದ್ದವನು ಅವರ ಹಳೇ ಶಿಷ್ಯ.

"ಇವನೇ ಮೇಡಂ. ಜೀಪು ಹತ್ತಿಸೋಣ," ಎಂದ ಕಾನ್‌ಸ್ಟೇಬಲ್. ಆ ಪುಣ್ಯಾತ್ಮನ ಪಾಲಿಗೆ ಕೇಸು ಆಗಲೇ ಮುಗಿದಿತ್ತು.

ಮೇಷ್ಟ್ರ ತಂಗಿ ಟೈಲರ್ ಅಂಗಡಿಯಿಂದ ಓಡಿ ಬಂದಿದ್ದಳು. "ಮಧ್ಯಾಹ್ನ ಊಟ ಬಡಿಸಿ ಅಂಗಡಿ ಕೆಲಸಕ್ಕೆ ಹೋದೆ ಮೇಡಂ. ಅಣ್ಣ ಮಣಿ ಪೋಣಿಸೋದು ಮಲಗೆದ್ದ ಮೇಲೇನೇ. ಇವತ್ತಿನ ಸರ ಗೋಡೆ ಮೇಲಿದೆ ನೋಡಿ. ಅಂದ್ರೆ ನಾನು ಹೋದಾಗ ಬದುಕಿದ್ದ. ಆಮೇಲೆ ಬಂದೋನು ಇವನೊಬ್ಬನೇ."

ಇನ್‌ಸ್ಪೆಕ್ಟರ್ ಗೋಡೆ ನೋಡಿದರು. ಸಾಲಾಗಿ ಏಳು ಸರ. ದೊಡ್ಡ ಮಣಿ, ಸಣ್ಣ ಮಣಿ. ಕೊನೆಯದನ್ನು ಬಿಚ್ಚಿಕೊಂಡರು.

*

"ದೊಡ್ಡ ಮಣಿ ಒಂದು, ಸಣ್ಣದು ಸೊನ್ನೆ," ಎಂದ ಶಿಷ್ಯ ಠಾಣೆಯಲ್ಲಿ. "ಕಂಪ್ಯೂಟರ್ ಲೆಕ್ಕದ ಹಾಗೆ ಒಂದು, ಸೊನ್ನೆ ಎರಡರಲ್ಲೇ ಎಲ್ಲಾ ಸಂಖ್ಯೆ ಬರೀಬಹುದು. ಈ ವಾರ ಹೊಸ ಸಾಲು ಶುರು ಮಾಡಿದೀನಿ ಅಂತ ಮೇಷ್ಟ್ರು ಫೋನ್ ಮಾಡಿದ್ರು. ಯಾವ ಸಂಖ್ಯೇಲಿ ಒಂದುಗಳು ಎರಡೋ, ನಾಲ್ಕೋ, ಹೀಗೆ ಸರಿಸಂಖ್ಯೇಲಿ ಬರುತ್ತೋ ಅದು ಮಾತ್ರ. ದಿನಕ್ಕೊಂದು. ಮೂರು, ಐದು, ಆರು, ಒಂಬತ್ತು, ಹತ್ತು, ಹನ್ನೆರಡು."

"ಇವತ್ತಿನದು?"

"ಹದಿನೈದು. ನಾಲ್ಕೂ ದೊಡ್ಡ ಮಣಿ."

ಇನ್‌ಸ್ಪೆಕ್ಟರ್ ಅಂಗೈ ಬಿಚ್ಚಿದರು. ಎರಡು ತುದಿಗೆ ದೊಡ್ಡದು, ನಡುವೆ ಮೂರು ಸಣ್ಣದು.

"ಇದು ಹದಿನೇಳು! ಮೇಷ್ಟ್ರು ಹದಿನೈದನ್ನ ಬಿಡೋದೇ? ಸಾಧ್ಯವೇ ಇಲ್ಲ ಮೇಡಂ."

*

"ಏಳನೇ ಸರ ಹದಿನೈದಾಗಬೇಕಿತ್ತು. ನಿಯಮ ಗೊತ್ತಿರೋ ಮೇಷ್ಟ್ರಾಗ್ಲಿ ಶಿಷ್ಯನಾಗ್ಲಿ ಈ ತಪ್ಪು ಮಾಡಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್, ತಂಗಿಯ ಎದುರು ಕೂತು. "ಮೊದಲ ಆರು ಸರದಲ್ಲೂ ದೊಡ್ಡ ಮಣಿ ಎರಡೆರಡೇ. ಬರೀ ಗೋಡೆ ನೋಡಿ ಕಲಿತವರಿಗೆ ಅದೇ ನಿಯಮ ಅನ್ಸುತ್ತೆ. ದಿನಾ ಈ ಗೋಡೆ ನೋಡ್ತಿದ್ದೋರು ನೀವೊಬ್ಬರೇ. ನೀವು ಹೋದಾಗ ಅಣ್ಣ ಬದುಕಿದ್ರು ಅಂತ ತೋರಿಸೋಕೆ ಈ ಸರ ಬೇಕಿದ್ದದ್ದೂ ನಿಮಗೇ."

ಆಕೆ ಅಂಗೈಯಲ್ಲಿ ಮುಖ ಒರೆಸಿಕೊಂಡಳು.

"ನಾಳೆಯಿಂದ ಶಿಷ್ಯನ ಮನೇಲಿರ್ತೀನಿ, ಅಲ್ಲಾದ್ರೆ ಮಾತಾಡೋಕೆ ಒಬ್ಬ ಮನುಷ್ಯ ಇರ್ತಾನೆ ಅಂದ ಅಣ್ಣ. ಇವನನ್ನ ನೋಡ್ಕೊಳೋಕೆ ಮದುವೇನೂ ಬಿಟ್ಟವಳು ನಾನು. ನಾನು ಮನುಷ್ಯಳಲ್ವಾ? ಮೆಟ್ಟಿಲ ಹತ್ರ ಕೈ ಹಿಡಿದೆಳೆದೆ, ಕೊಸರಿಕೊಂಡ. ನೂಕಿಬಿಟ್ಟೆ ಮೇಡಂ. ಆಮೇಲೆ ಹೆದರಿಕೆ ಆಯ್ತು. ಸರ ಪೋಣಿಸಿ ಗೋಡೆಗೆ ಹಾಕಿ, ಆ ಹುಡುಗನ ತಲೆಗೆ ಕಟ್ಟಿದೆ."

ಶಿಷ್ಯನನ್ನು ಬಿಡಲು ಇನ್‌ಸ್ಪೆಕ್ಟರ್ ಸನ್ನೆ ಮಾಡಿದರು. ಅವರಿಗೆ ಗೆದ್ದ ಖುಷಿ ಇರಲಿಲ್ಲ.

"ಮಣಿ ಲೆಕ್ಕ ಕೇಳಿದ್ರೆ ಅಣ್ಣ, ನಿನಗ್ಯಾಕೆ ಇದೆಲ್ಲಾ, ಒಲೆ ನೋಡು ಅಂತಿದ್ದ," ಎಂದಳು ಆಕೆ. "ಹದಿನೈದು ಹೇಗಿರುತ್ತೆ ಮೇಡಂ?"

ಇನ್‌ಸ್ಪೆಕ್ಟರ್ ಮೇಷ್ಟ್ರ ಡಬ್ಬಿಯಿಂದ ನಾಲ್ಕು ದೊಡ್ಡ ಮಣಿ ಆರಿಸಿ ಆಕೆಯ ಕೈಗೆ ಹಾಕಿದರು. ಆಕೆ ಒಂದೊಂದನ್ನೇ ಸವರಿದಳು.

"ಇಷ್ಟೇನಾ?" ಎಂದಳು. "ಹೇಳಿದ್ದಿದ್ರೆ ನಂಗೂ ಗೊತ್ತಾಗ್ತಿತ್ತಲ್ಲ."